ಊಹವೂ ಅಪೋಹವೂ: ಮೋಟಾರು ಪಂದ್ಯದ ಆಟಗಳನ್ನು ಕುರಿತ ನಿರೀಕ್ಷೆಗಳ ವಿಮರ್ಶೆ

ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಮೋಟಾರು ಪಂದ್ಯದ ವೀಡಿಯೋ ಆಟಗಳ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ನಾವು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಆಟಕ್ಕೆ ಮುಂದೆ ಏನು ಸೇರಲಿದೆ ಎಂಬುದನ್ನು ಕುರಿತು ಆಟಗಾರರು ನಡೆಸುವ ಊಹೆಗಳನ್ನು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಇತಿಹಾಸವನ್ನು ಓದಲು ಬರುವ ತರುಣರಲ್ಲಿ ಕೆಲವರಾದರೂ ಈ ವಿದ್ಯೆಯಲ್ಲಿ ನುರಿತವರು. ಕಾರೊಂದರ ಕಪ್ಪು ನೆರಳನ್ನು ಕಂಡು ಅದನ್ನು ತಯಾರಿಸಿದವರು ಯಾರು, ಯಾವ ಕಾಲದ್ದು ಎಂದು ಹೇಳುವಷ್ಟು ಸೂಕ್ಷ್ಮದೃಷ್ಟಿ ಅವರಲ್ಲುಂಟು. ಅದೇ ತರುಣರು ತಮ್ಮ ಊರಿನ ಹೆಸರಿನ ಮೂಲವನ್ನು ಕುರಿತು ಬರೆಯುವಾಗ ಕೇಳಿದ ಕಥೆಯನ್ನು ಕೇಳಿದಂತೆಯೇ ಬರೆದು ತೃಪ್ತರಾಗುತ್ತಾರೆ. ಒಂದೆಡೆ ಎಚ್ಚೆತ್ತಿರುವ ವಿವೇಚನೆಯು ಇನ್ನೊಂದೆಡೆ ಏಕೆ ನಿದ್ರಿಸುತ್ತದೆ ಎಂಬುದು ಅಧ್ಯಾಪಕರಾದ ನಮ್ಮೆಲ್ಲರ ಮುಂದಿರುವ ಪ್ರಶ್ನೆ.

‘ಊಹಾಪೋಹ’ ಎಂಬ ಮಾತನ್ನು ಈಗಿನ ವೃತ್ತಪತ್ರಿಕೆಗಳು ಗಾಳಿಸುದ್ದಿ ಎಂಬ ಅರ್ಥದಲ್ಲಿ ಬಳಸುತ್ತಿವೆ. ಅದರ ಮೂಲಾರ್ಥ ಬೇರೆ. ಊಹವೆಂದರೆ ಕಂಡ ಅಲ್ಪದಿಂದ ಕಾಣದುದನ್ನು ತರ್ಕಿಸುವುದು. ಅಪೋಹವೆಂದರೆ ಹಾಗೆ ತರ್ಕಿಸಿದುದರಲ್ಲಿ ನಿಲ್ಲಲಾರದ್ದನ್ನು ತಳ್ಳಿಹಾಕುವುದು. ಇವೆರಡೂ ಕೂಡಿದರೆ ಮಾತ್ರ ವಿಚಾರವೆನಿಸುತ್ತದೆ. ನಾವು ಈ ಲೇಖನದಲ್ಲಿ ಪ್ರತಿಪಾದಿಸಲಿರುವುದು ಇಷ್ಟು: ಆಟಗಾರರ ಬಳಗದಲ್ಲಿ ಊಹವು ಸಮೃದ್ಧವಾಗಿದೆ, ಅಪೋಹವು ವಿರಳವಾಗಿದೆ. ಆದಕಾರಣ ಮುಂದೆ ಬರುವುದೇನು ಎಂಬ ವಿಷಯದಲ್ಲಿ ಅವರ ಮಾತು ದುರ್ಬಲವಾದ ಸಾಕ್ಷ್ಯ. ಜನರು ಏನನ್ನು ಬಯಸಿದರು ಎಂಬ ವಿಷಯದಲ್ಲಾದರೋ ಅದೇ ಮಾತು ಬಹು ಪ್ರಬಲವಾದ ಸಾಕ್ಷ್ಯ. ಈ ಎರಡನ್ನೂ ಬೇರ್ಪಡಿಸಿ ನೋಡಲು ಕಲಿತರೆ ಇತಿಹಾಸದ ವಿದ್ಯಾರ್ಥಿಗೆ ಲಾಭವುಂಟು.

ಈ ಆಟಗಳ ಪರಿಚಯವಿಲ್ಲದ ವಾಚಕರಿಗಾಗಿ ಮೊದಲು ಕೆಲವು ಸಂಗತಿಗಳನ್ನು ನಿರೂಪಿಸುತ್ತೇವೆ. ೧೯೯೭ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ‘ಗ್ರ್ಯಾನ್ ಟುರಿಸ್ಮೊ’ ಎಂಬ ಆಟವು ಮೊದಲ ಬಾರಿಗೆ ಹೊರಬಂದಾಗ ತಟ್ಟೆಯಲ್ಲಿ ಅಚ್ಚಾಗಿದ್ದುದೇ ಆಟವಾಗಿತ್ತು. ಕೊಂಡ ಮೇಲೆ ಅದು ಬೆಳೆಯುವಂತಿರಲಿಲ್ಲ. ಅದೇ ಮಾಲೆಯ ‘ಗ್ರ್ಯಾನ್ ಟುರಿಸ್ಮೊ ೭’ ಎಂಬ ಆಟ ೨೦೨೨ರ ಮಾರ್ಚ್ ೪ರಂದು ಪ್ರಕಟವಾಯಿತು. ಆ ವೇಳೆಗೆ ಪರಿಸ್ಥಿತಿ ಬದಲಾಗಿತ್ತು. ಆಟವನ್ನು ಕೊಂಡವರಿಗೆ ಅಂತರಜಾಲದ ಮೂಲಕ ಕಾಲಕಾಲಕ್ಕೆ ‘ಅಪ್‌ಡೇಟ್’ ಎಂಬ ಪರಿಷ್ಕರಣವು ಬಂದು ಸೇರುತ್ತದೆ. ಹೊಸ ಕಾರುಗಳು, ಹೊಸ ಪಂದ್ಯಪಥಗಳು, ಹೊಸ ನಿಯಮಗಳು ಅದರೊಡನೆ ಬರುತ್ತವೆ. ಗ್ರಂಥಸಂಪಾದಕರ ಭಾಷೆಯಲ್ಲಿ ಹೇಳುವುದಾದರೆ, ಮೂಲಕರ್ತೃವೇ ತನ್ನ ಗ್ರಂಥಕ್ಕೆ ಮೇಲಿಂದ ಮೇಲೆ ಪ್ರಕ್ಷೇಪಗಳನ್ನು ಸೇರಿಸುತ್ತಿರುವ ಕೃತಿಯಿದು. ಒಂದು ಪರಿಷ್ಕರಣಕ್ಕೂ ಇನ್ನೊಂದಕ್ಕೂ ನಡುವೆ ಉಳಿಯುವ ಕಾಲವೇ ಊಹೆಯ ಕಾಲ.

ಈ ಕಾಲವನ್ನು ತಯಾರಕರೂ ಬಲ್ಲರು. ಗ್ರ್ಯಾನ್ ಟುರಿಸ್ಮೊ ಮಾಲೆಯ ನಿರ್ಮಾತೃ ಕಜುನೊರಿ ಯಮೌಚಿಯವರು ಪರಿಷ್ಕರಣಕ್ಕೆ ಕೆಲವು ದಿನಗಳ ಮುಂಚೆ ಬರಲಿರುವ ಕಾರುಗಳ ಕಪ್ಪು ನೆರಳಿನ ಚಿತ್ರವನ್ನು ಮಾತ್ರ ತಮ್ಮ ಖಾತೆಯಲ್ಲಿ ಪ್ರಕಟಿಸುವ ಪದ್ಧತಿಯನ್ನಿಟ್ಟುಕೊಂಡರು. ಆಟಗಾರರು ಕೂಡಲೇ ಛಾವಣಿಯ ಬಾಗು, ಗಾಲಿಯ ಅಂತರ, ಹಿಂಬದಿಯ ರೆಕ್ಕೆ ಇವನ್ನು ಅಳೆದು ಹೆಸರುಗಳನ್ನು ಸೂಚಿಸತೊಡಗುತ್ತಾರೆ. ಸವೆದುಹೋದ ಶಾಸನದ ಅಚ್ಚನ್ನು ಬೆಳಕಿಗೆ ಹಿಡಿದು ಅಕ್ಷರದ ಉಳಿದ ಗೆರೆಯಿಂದ ಇಡೀ ಅಕ್ಷರವನ್ನು ಕಟ್ಟಿಕೊಳ್ಳುವ ಲಿಪಿಜ್ಞನ ಕೆಲಸಕ್ಕೂ ಇದಕ್ಕೂ ವಿಧಾನದಲ್ಲಿ ದೂರವಿಲ್ಲ. ಈ ಭಾಗದಲ್ಲಿ ಆಟಗಾರರ ಊಹೆಯು ಶ್ಲಾಘ್ಯವೆಂದೇ ಹೇಳಬೇಕು. ಕೆಲವೇ ದಿನಗಳಲ್ಲಿ ಉತ್ತರವು ದೊರೆಯುವುದರಿಂದ ಅಪೋಹವೂ ಇಲ್ಲಿ ತಾನಾಗಿಯೇ ನಡೆದುಹೋಗುತ್ತದೆ.

ಆದರೆ ಎಲ್ಲ ಊಹೆಗಳೂ ಈ ಜಾತಿಯವಲ್ಲ. ಅವುಗಳ ಆಧಾರಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ನಮ್ಮ ವಿದ್ಯಾರ್ಥಿಗಳಿಗೆ ಇವನ್ನು ತಿಳಿಸಲು ಅವರ ಊರುಗಳ ಹೆಸರುಗಳಿಗಿಂತ ಉತ್ತಮವಾದ ನಿದರ್ಶನಗಳು ನಮಗೆ ತೋರುವುದಿಲ್ಲ.

ಮೊದಲನೆಯದು ಅಧಿಕಾರವುಳ್ಳವರ ಸೂಚನೆ. ಶ್ರೀನಿವಾಸಪುರಕ್ಕೆ ಹಿಂದೆ ಪಾಪನಪಲ್ಲಿ ಎಂಬ ಹೆಸರಿದ್ದಿತೆಂದೂ ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿನಿಂದ ಈಗಿನ ಹೆಸರನ್ನಿಟ್ಟರೆಂದೂ ಬಿ. ಎಲ್. ರೈಸರ ಗೆಜೆಟಿಯರು ಹೇಳುತ್ತದೆ. ಹೆಸರಿಟ್ಟವರು ಯಾರು, ಅವರಿಗೆ ಆ ಅಧಿಕಾರವಿತ್ತೆ, ಕಾಲವು ಯಾವುದು ಎಂಬ ಮೂರು ಪ್ರಶ್ನೆಗಳಿಗೂ ಇಲ್ಲಿ ಉತ್ತರವಿದೆ. ಯಮೌಚಿಯವರ ನೆರಳಿನ ಚಿತ್ರವೂ ಇಂಥದೇ. ಅರ್ಥ ಮಾಡುವುದರಲ್ಲಿ ತಪ್ಪಬಹುದು, ಆಧಾರವು ತಪ್ಪಲ್ಲ.

ಎರಡನೆಯದು ಆಂತರಿಕ ಸಾಕ್ಷ್ಯ. ಮುಳಬಾಗಿಲನ್ನು ಮೂಡಲ ಬಾಗಿಲು ಎಂದು ವಿವರಿಸುವುದು ವಾಡಿಕೆ. ಬಾಗಿಲು ಎಂಬ ಅಂಶವು ಹೆಸರಿನಲ್ಲಿಯೇ ನಿಂತಿದೆ. ಅದನ್ನು ಯಾರೂ ಅಲ್ಲಗಳೆಯಲಾರರು. ಮೈಸೂರಿನ ಪ್ರಸ್ಥಭೂಮಿಯ ಪೂರ್ವದಂಚಿನಲ್ಲಿರುವ ಊರಾದುದರಿಂದ ಮೂಡಲೆಂಬ ಅಂಶವೂ ಸಂಭವನೀಯವೇ. ಆದರೆ ಅದು ಸಂಭವನೀಯ ಮಾತ್ರ. ಆಟದ ಕಡತಗಳನ್ನು ಬಗೆದು ಅಲ್ಲಿ ಅಡಗಿದ ಕಾರುಗಳ ಹೆಸರನ್ನು ಹೊರತೆಗೆಯುವವರ ಸಾಕ್ಷ್ಯವು ಈ ಬಗೆಯದು. ಹೆಸರು ಅಲ್ಲಿದೆ ಎಂಬುದು ನಿಜ. ಆ ಕಾರು ಹೊರಬರುತ್ತದೆ ಎಂಬುದು ಅದರ ಮೇಲೆ ಕಟ್ಟಿದ ಊಹೆ. ಕೆಲವು ವೇಳೆ ಇಂಥ ಸಾಕ್ಷ್ಯವು ಪೂರ್ಣವಾಗಿ ಸ್ಥಿರಪಡುವುದೂ ಉಂಟು. ‘ಫೋರ್ಜಾ ಹೊರೈಜನ್’ ಮಾಲೆಯ ಐದನೆಯ ಆಟಕ್ಕೆ ಹಾಟ್ ವೀಲ್ಸ್ ಎಂಬ ಆಟಿಕೆ ಕಾರುಗಳ ಭಾಗವೊಂದು ಸೇರಲಿದೆಯೆಂಬುದು ೨೦೨೨ರ ಜೂನಿನಲ್ಲಿ ಘೋಷಣೆಗೆ ಮೊದಲೇ ಸ್ಟೀಮ್ ಎಂಬ ಮಾರಾಟದ ತಾಣದಲ್ಲಿ ಕಾಣಿಸಿಕೊಂಡಿತು. ಆ ವರ್ಷದ ಜುಲೈನಲ್ಲಿ ಅದು ಬಂದೇ ಬಂದಿತು.

ಮೂರನೆಯದು ಬಯಕೆ. ಮಾಲೂರನ್ನು ಮಲ್ಲಿಕಾಪುರ ಎಂದು ಕರೆದು ಮಲ್ಲಿಗೆಯ ಊರೆಂದು ಹೇಳುವುದು ಕಿವಿಗೆ ಇಂಪಾಗಿದೆ. ದೇಶೀಯವಾದ ಹೆಸರಿಗೆ ಸಂಸ್ಕೃತದ ಉಡುಪನ್ನು ತೊಡಿಸುವ ಪ್ರವೃತ್ತಿ ನಮ್ಮ ನಾಡಿನಲ್ಲಿ ಎಲ್ಲೆಲ್ಲಿಯೂ ಇದ್ದುದರಿಂದ, ಇಂಪನ್ನೇ ಪ್ರಮಾಣವೆಂದು ಹಿಡಿಯುವುದು ಅಪಾಯಕರ. ಹೀಗೆಯೇ, ತಾವು ಮೆಚ್ಚಿದ ಕಾರು ಇನ್ನೂ ಆಟದಲ್ಲಿಲ್ಲ, ಆದುದರಿಂದ ಅದು ಬರಲೇಬೇಕು ಎಂದು ವಾದಿಸುವವರು ಹೇರಳವಾಗಿದ್ದಾರೆ. ಬೇಕೆಂಬುದು ಬರುತ್ತದೆಂಬುದಕ್ಕೆ ಹೇತುವಾಗಲಾರದು.

ನಾಲ್ಕನೆಯದು ಬಾಯಿಂದ ಬಾಯಿಗೆ ಬಂದ ಮಾತು. ಕೋಲಾರಕ್ಕೆ ಆ ಹೆಸರು ಬಂದುದು ಕಾರ್ತವೀರ್ಯಾರ್ಜುನನ ವಧೆಯ ಕಾಲದ ಕೋಲಾಹಲದಿಂದ ಎಂಬ ಸ್ಥಳಪುರಾಣವನ್ನು ನಮ್ಮಲ್ಲಿ ಕೇಳದವರಿಲ್ಲ. ಶಾಸನಗಳಲ್ಲಿ ದೊರೆಯುವ ಹಳೆಯ ರೂಪವಾದರೋ ಕುವಳಾಲ ಅಥವಾ ಕೋಳಾಲ. ಗಂಗರು ತಲಕಾಡಿನಿಂದ ಆಳುತ್ತಿದ್ದಾಗಲೂ ಕುವಳಾಲಪುರವರೇಶ್ವರರೆಂಬ ಬಿರುದನ್ನು ಬಿಡಲಿಲ್ಲ. ೧೯೦೫ರಲ್ಲಿ ರೈಸರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳನ್ನು ಒಟ್ಟುಗೂಡಿಸಿದ ಮೇಲೆ ಇದನ್ನು ಯಾರು ಬೇಕಾದರೂ ನೋಡಬಹುದಾಗಿದೆ. ಕಥೆಯನ್ನು ಸಾವಿರ ಜನ ಹೇಳಿದರೆ ಅದು ಸಾವಿರ ಸಾಕ್ಷಿಗಳಾಗುವುದಿಲ್ಲ. ಒಂದೇ ಸಾಕ್ಷಿಯ ಸಾವಿರ ಪ್ರತಿಗಳಾಗುತ್ತವೆ. ಈ ತತ್ತ್ವವನ್ನು ಆಟಗಾರರ ಬಳಗದಲ್ಲಿ ಅನ್ವಯಿಸಿದರೆ ಏನಾಗುವುದೆಂಬುದಕ್ಕೆ ಜಪಾನಿನ ಪ್ರಸಂಗವು ಉತ್ತಮ ದೃಷ್ಟಾಂತ.

ಇಂಗ್ಲೆಂಡಿನ ಪ್ಲೇಗ್ರೌಂಡ್ ಗೇಮ್ಸ್ ಎಂಬ ಸಂಸ್ಥೆಯು ತಯಾರಿಸುವ ಫೋರ್ಜಾ ಹೊರೈಜನ್ ಮಾಲೆಯಲ್ಲಿ ಪ್ರತಿಯೊಂದು ಆಟವೂ ಬೇರೊಂದು ದೇಶದ ರಸ್ತೆಗಳನ್ನು ಚಿತ್ರಿಸುತ್ತದೆ. ೨೦೧೨ರಲ್ಲಿ ಅಮೆರಿಕದ ಕೊಲರಾಡೊ, ೨೦೧೪ರಲ್ಲಿ ಫ್ರಾನ್ಸಿನ ದಕ್ಷಿಣಭಾಗ ಮತ್ತು ಇಟಲಿಯ ಉತ್ತರಭಾಗ, ೨೦೧೬ರಲ್ಲಿ ಆಸ್ಟ್ರೇಲಿಯ, ೨೦೧೮ರಲ್ಲಿ ಬ್ರಿಟನ್, ೨೦೨೧ರಲ್ಲಿ ಮೆಕ್ಸಿಕೊ. ಮುಂದಿನದು ಜಪಾನೇ ಎಂಬ ಮಾತು ಈ ಮಾಲೆಯ ಅಭಿಮಾನಿಗಳಲ್ಲಿ ವರ್ಷಾನುವರ್ಷವಾಗಿ ಹರಿದು ಬಂದಿತು. ಬ್ರಿಟನ್ನಿನ ಘೋಷಣೆಗೆ ಮುಂಚೆಯೂ ಇತ್ತು, ಮೆಕ್ಸಿಕೊದ ಘೋಷಣೆಗೆ ಮುಂಚೆಯೂ ಇತ್ತು. ಕಡೆಗೆ ೨೦೨೫ರ ಸೆಪ್ಟೆಂಬರಿನಲ್ಲಿ ಟೋಕಿಯೊ ಪ್ರದರ್ಶನದ ಸಂದರ್ಭದಲ್ಲಿ ಆರನೆಯ ಆಟದ ಸ್ಥಳ ಜಪಾನೆಂದು ಘೋಷಣೆಯಾಯಿತು. ನಾವು ಮೊದಲೇ ಹೇಳಿರಲಿಲ್ಲವೆ ಎಂದು ಅನೇಕರು ಸಂತೋಷಪಟ್ಟರು.

ಈ ಸಂತೋಷಕ್ಕೆ ಅಡ್ಡಬರುವುದು ನಮ್ಮ ಉದ್ದೇಶವಲ್ಲ. ಆದರೆ ಊಹೆಯು ಸತ್ಯವಾಯಿತೆ ಎಂದು ಕೇಳಿದರೆ ವಿವೇಚಿಸಿಯೇ ಉತ್ತರ ಕೊಡಬೇಕಾಗುತ್ತದೆ. ಪ್ರತಿ ಸಲವೂ ಒಂದೇ ಉತ್ತರವನ್ನು ಹೇಳುವವನಿಗೆ ಒಂದಲ್ಲ ಒಂದು ಸಲ ಗೆಲುವು ಸಿಕ್ಕುವುದು ಆಶ್ಚರ್ಯವಲ್ಲ. ಕಾಗೆ ಕುಳಿತುಕೊಳ್ಳುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ ಎಂದು ನಮ್ಮ ಹಿರಿಯರು ಇದನ್ನೇ ಹೇಳಿದರು. ಊಹೆಯ ಬೆಲೆಯನ್ನು ಕಟ್ಟಬೇಕಾದರೆ ಹಿಂದಿನ ಸೋಲುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಸಲ ಹೊಸ ಆಧಾರವೇನಿತ್ತು ಎಂದು ಕೇಳಬೇಕು. ಹೊಸ ಆಧಾರದಿಂದ ಹೇಳಿದವನು ಬೇರೆ, ಹಳೆಯ ಮಾತನ್ನು ಬಿಡದೆ ಹೇಳಿದವನು ಬೇರೆ. ಫಲವೊಂದೇ ಆದರೂ ವಿಚಾರವು ಒಂದೇ ಅಲ್ಲ. ಬಳಗದಲ್ಲಿ ಈ ಭೇದವನ್ನು ಗಣಿಸುವವರು ಕಡಿಮೆ. ಸೋತ ಊಹೆಗಳು ಮರೆತುಹೋಗುತ್ತವೆ, ಗೆದ್ದುದು ಮಾತ್ರ ಜ್ಞಾಪಕದಲ್ಲುಳಿಯುತ್ತದೆ. ಅಪೋಹದ ಅಭಾವವೆಂದು ನಾವು ಹೇಳಿದುದು ಇದನ್ನೇ.

ಇದರಿಂದ ನಷ್ಟವೇನು, ಆಟವಷ್ಟೆ, ಎನ್ನುವವರಿರಬಹುದು. ನಷ್ಟವುಂಟು. ಬಾಯಿಂದ ಬಾಯಿಗೆ ಹೋಗುತ್ತ ಊಹೆಯು ನಂಬಿಕೆಯಾಗುತ್ತದೆ. ನಂಬಿಕೆಯು ಬಲಿತು ವಾಗ್ದಾನವೆಂದು ತೋರುತ್ತದೆ. ಯಾರೂ ಕೊಡದ ಆ ವಾಗ್ದಾನವು ನೆರವೇರದಿದ್ದಾಗ ತಯಾರಕನ ಮೇಲೆ ವಂಚಕನೆಂಬ ಆರೋಪ ಬರುತ್ತದೆ. ಇದು ಅನ್ಯಾಯ. ಇದರ ಪಕ್ಕದಲ್ಲಿಯೇ ಇನ್ನೊಂದು ಪ್ರಸಂಗವನ್ನಿಟ್ಟು ನೋಡಬೇಕು. ೨೦೨೨ರ ಮಾರ್ಚ್ ತಿಂಗಳಿನಲ್ಲಿ ಗ್ರ್ಯಾನ್ ಟುರಿಸ್ಮೊ ೭ ಪ್ರಕಟವಾಗಿ ಎರಡು ವಾರ ತುಂಬುವುದರೊಳಗೆ ಬಂದ ಪರಿಷ್ಕರಣವೊಂದರ ದೋಷದಿಂದ ಆಟವು ೩೦ ಗಂಟೆಗಳಿಗೂ ಹೆಚ್ಚು ಕಾಲ ನಿಂತುಹೋಯಿತು. ಅದೇ ಪರಿಷ್ಕರಣವು ಹಲವು ಪಂದ್ಯಗಳ ಬಹುಮಾನವನ್ನು ಇಳಿಸಿತ್ತು. ಆಟಗಾರರು ಸಿಟ್ಟಾದರು. ಯಮೌಚಿಯವರು ಕ್ಷಮೆ ಕೋರಿದರು. ಆಟಗಾರರಿಗೆ ಆಟದೊಳಗಣ ಹಣ ೧೦ ಲಕ್ಷವನ್ನು ಕೊಡಲಾಯಿತು. ಮುಂದಿನ ತಿಂಗಳು ಬಹುಮಾನಗಳು ಏರಿದವು. ಇಲ್ಲಿ ಸಿಟ್ಟಿಗೆ ಆಧಾರವಿತ್ತು; ಹಣ ಕೊಟ್ಟು ಕೊಂಡ ವಸ್ತುವು ಕೊಂಡವರ ಕೈಯಲ್ಲಿಯೇ ಮಾರ್ಪಟ್ಟಿತ್ತು. ಮೊದಲನೆಯದು ಕೊಡದ ಮಾತಿಗಾಗಿ ಸಿಟ್ಟು, ಎರಡನೆಯದು ಕೊಟ್ಟುದನ್ನು ಬದಲಿಸಿದುದಕ್ಕಾಗಿ ಸಿಟ್ಟು. ಊಹೆ ಯಾವುದು, ವಾಗ್ದಾನ ಯಾವುದು ಎಂದು ಬಲ್ಲವನಿಗೆ ಮಾತ್ರ ಈ ಎರಡರ ವ್ಯತ್ಯಾಸ ಕಾಣುತ್ತದೆ; ಬಲ್ಲದವನು ಎರಡು ಕಡೆಯೂ ಒಂದೇ ದನಿಯಲ್ಲಿ ಕೂಗಿ, ನ್ಯಾಯವಾದ ತನ್ನ ದೂರಿನ ಬಲವನ್ನು ತಾನೇ ಕುಂದಿಸಿಕೊಳ್ಳುತ್ತಾನೆ.

ನಮ್ಮ ಜಿಲ್ಲೆಯ ತರುಣರಿಗೆ ಈ ವ್ಯತ್ಯಾಸವು ಆಟದ ಹೊರಗೂ ಬೇಕಾದುದು. ೨೦೧೪ರಲ್ಲಿ ಶ್ರೀನಿವಾಸಪುರದ ಬಳಿ ರೈಲ್ವೆ ಕೋಚ್ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. ಅದು ಊಹೆಯಾಗಿರಲಿಲ್ಲ, ಬಹಿರಂಗವಾಗಿ ಕೊಟ್ಟ ಮಾತು. ವರ್ಷಗಳು ಹತ್ತಕ್ಕೂ ಮೇಲೆ ಕಳೆದರೂ ಅಲ್ಲಿಂದ ಕೋಚುಗಳು ಹೊರಬರಲಿಲ್ಲ. ಕೋಲಾರದ ಚಿನ್ನದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ಅಂದಿನಿಂದ ಅವು ಮತ್ತೆ ತೆರೆಯುತ್ತವೆಂಬ ಮಾತು ಆಗಾಗ ಕೇಳಿಬರುತ್ತಲೇ ಇದೆ. ೨೦೨೪ರ ಜೂನಿನಲ್ಲಿ ರಾಜ್ಯ ಸಚಿವಸಂಪುಟವು ಒಪ್ಪಿಗೆ ಕೊಟ್ಟುದು ಹಳೆಯ ಗಣಿಮಣ್ಣಿನ ದಿಬ್ಬಗಳಿಂದ ಚಿನ್ನವನ್ನು ತೆಗೆಯುವ ಪ್ರಸ್ತಾಪಕ್ಕೆ. ಅದನ್ನು ಗಣಿಗಳ ಪುನರಾರಂಭವೆಂದು ಹೇಳಿದವರು ಒಪ್ಪಿಗೆಯನ್ನು ಓದಲಿಲ್ಲ, ತಮ್ಮ ಆಸೆಯನ್ನು ಓದಿದರು. ಮಾತು ಕೊಟ್ಟವರು ಯಾರು, ಏನೆಂದು ಕೊಟ್ಟರು, ಯಾವ ದಿನ ಕೊಟ್ಟರು ಎಂದು ಕೇಳಲು ಬಲ್ಲ ಪ್ರಜೆಯನ್ನು ಬರಿಯ ಆಸೆಯಿಂದ ಆಳಲಾಗದು. ಈ ಕಾರಣದಿಂದಲೇ ವಿಷಯವು ಆಟದ್ದಾದರೂ ಕೇವಲ ಆಟದ್ದಲ್ಲವೆಂದು ನಾವು ಭಾವಿಸುತ್ತೇವೆ.

ಈಗ ನಮ್ಮ ವಾದದ ಎರಡನೆಯ ಭಾಗಕ್ಕೆ ಬರೋಣ. ಭವಿಷ್ಯವಾಣಿಯಾಗಿ ಸೋತ ಊಹೆಯೂ ಬಯಕೆಯ ದಾಖಲೆಯಾಗಿ ಬೆಲೆಯುಳ್ಳದ್ದು. ಜನರು ಜಪಾನನ್ನು ಅಷ್ಟು ವರ್ಷ ಕೇಳಿದರೆಂಬುದು ಆಟದ ಬಗ್ಗೆ ತಿಳಿಸುವುದಕ್ಕಿಂತ ಕೇಳಿದವರ ಬಗ್ಗೆ ಹೆಚ್ಚಾಗಿ ತಿಳಿಸುತ್ತದೆ. ಅವರು ಯಾವ ಕಾರುಗಳನ್ನು ಮೆಚ್ಚಿ ಬೆಳೆದರು, ಯಾವ ಬೆಟ್ಟದ ದಾರಿಗಳನ್ನು ಪರದೆಯಲ್ಲಿ ಕಂಡು ತಮ್ಮವೆಂದುಕೊಂಡರು ಎಂಬುದು ಅದರಲ್ಲಿದೆ. ಹಾಗೆಯೇ ಏನನ್ನು ಕೇಳಲಿಲ್ಲವೆಂಬುದೂ ಗಮನಾರ್ಹ. ಕೋಲಾರದ ನೆರೆಯ ನರಸಾಪುರದಲ್ಲಿ ೨೦೧೩ರಿಂದ ಹೋಂಡಾ ಸಂಸ್ಥೆಯ ದ್ವಿಚಕ್ರ ವಾಹನಗಳ ಕಾರ್ಖಾನೆ ನಡೆಯುತ್ತಿದೆ. ಹೋಂಡಾ ಕಾರುಗಳಿಲ್ಲದ ದೊಡ್ಡ ಪಂದ್ಯದ ಆಟ ಅಪರೂಪ. ಆದರೂ ತಮ್ಮೂರಿನ ಪಕ್ಕದಲ್ಲಿ ತಯಾರಾಗಿ ಬರುವ ಸ್ಕೂಟರಾಗಲಿ, ಬೆಂಗಳೂರಿನಿಂದ ಕೋಲಾರ, ಮುಳಬಾಗಿಲುಗಳ ಮೂಲಕ ಮೂಡಲಿಗೆ ಹೋಗುವ ಹೆದ್ದಾರಿಯಾಗಲಿ ಆಟದಲ್ಲಿ ಬರಲೆಂದು ನಮ್ಮ ತರುಣರು ಬಯಸಿದುದನ್ನು ನಾವು ಕೇಳಿಲ್ಲ.

ಈ ಮೌನದಿಂದ ಅವಸರದ ತೀರ್ಮಾನಕ್ಕೆ ಬರಬಾರದು; ಮೌನವನ್ನು ಪ್ರಮಾಣವಾಗಿ ಹಿಡಿಯುವುದು ಇತಿಹಾಸಕಾರನಿಗೆ ಯಾವಾಗಲೂ ಜಾರುವ ನೆಲ. ಪಂದ್ಯದ ಆಟಗಳಲ್ಲಿ ಸ್ಕೂಟರಿಗೆ ಸ್ಥಾನವಿಲ್ಲದಿರುವುದು ಆಟದ ಸ್ವರೂಪದಿಂದಲೇ ಆದುದು. ಹೊಸ ಪಥವೊಂದನ್ನು ಚಿತ್ರಿಸಲು ಶ್ರಮವೂ ಹಣವೂ ಬೇಕು. ವಾಹನಗಳ ಹೆಸರಿಗೂ ಆಕೃತಿಗೂ ಹಕ್ಕುಪತ್ರಗಳು ಬೇಕು. ಭಾರತವು ಈ ಆಟಗಳಲ್ಲಿ ಎಂದೂ ಇರಲಿಲ್ಲವೆಂಬುದೂ ಸರಿಯಲ್ಲ. ದೆಹಲಿಯ ಸಮೀಪದ ಬುದ್ಧ ಅಂತರರಾಷ್ಟ್ರೀಯ ಪಥದಲ್ಲಿ ಮೊದಲ ಫಾರ್ಮುಲಾ ಒನ್ ಪಂದ್ಯ ನಡೆದುದು ೨೦೧೧ರ ಅಕ್ಟೋಬರ್ ೩೦ರಂದು. ಕೋಡ್‌ಮಾಸ್ಟರ್ಸ್ ಸಂಸ್ಥೆಯ ‘ಎಫ್ ೧ ೨೦೧೧’ ಎಂಬ ಆಟವು ಆ ಪಥವನ್ನೊಳಗೊಂಡು ಸೆಪ್ಟೆಂಬರಿನಲ್ಲಿಯೇ ಹೊರಬಂದಿತ್ತು. ನಿಜವಾದ ಪಂದ್ಯಕ್ಕೆ ಮೊದಲೇ ಆಟದ ಪಂದ್ಯ ನಡೆದುಹೋಗಿತ್ತೆಂದಂತಾಯಿತು. ಭಾರತದ ಪಂದ್ಯವು ೨೦೧೩ರ ತರುವಾಯ ನಿಂತಿತು; ವರ್ಷದ ಪಂದ್ಯಪಟ್ಟಿಯನ್ನು ಅನುಸರಿಸುವ ಆ ಆಟಮಾಲೆಯಿಂದಲೂ ಆ ಪಥವು ಮರೆಯಾಯಿತು. ಹೀಗೆ ಆಟಗಳ ಭೂಪಟವು ವ್ಯಾಪಾರದ ಭೂಪಟವನ್ನು ಅನುಸರಿಸುತ್ತದೆ. ಬಯಕೆಯೂ ಬಹುಮಟ್ಟಿಗೆ ಅದರ ಎಲ್ಲೆಯೊಳಗೇ ಸಂಚರಿಸುತ್ತದೆ. ಬಯಸಲು ಸಹ ಒಂದು ಪೂರ್ವನಿದರ್ಶನ ಬೇಕೆಂಬುದನ್ನು ಈ ಮೌನವು ನಮಗೆ ತೋರಿಸುತ್ತದೆಂದು ಹೇಳಿದರೆ ಅತ್ಯುಕ್ತಿಯಾಗಲಾರದು.

ಈ ದಾಖಲೆಗೆ ಬೆಲೆ ಬರಲು ಇನ್ನೊಂದು ಕಾರಣವಿದೆ. ಊಹೆಗೆ ವಿಷಯವಾದ ಆಟವೇ ಉಳಿಯದೆ ಹೋಗುವ ಸಂಭವವುಂಟು. ಯೂಬಿಸಾಫ್ಟ್ ಸಂಸ್ಥೆಯ ‘ದ ಕ್ರ್ಯೂ’ ಎಂಬ ಪಂದ್ಯದ ಆಟವು ೨೦೧೪ರ ಡಿಸೆಂಬರಿನಲ್ಲಿ ಬಂದಿತು. ಅದರ ಗಣಕಗಳನ್ನು ೨೦೨೪ರ ಮಾರ್ಚ್ ೩೧ರಂದು ನಿಲ್ಲಿಸಿದ ಮೇಲೆ, ಹಣ ಕೊಟ್ಟು ಕೊಂಡವರೂ ಅದನ್ನು ಆಡಲಾರದೆ ಹೋದರು. ಇದರಿಂದ ಹುಟ್ಟಿದ ಆಂದೋಳನದ ಮನವಿಗೆ ಯೂರೋಪಿನಲ್ಲಿ ೨೦೨೫ರ ಜುಲೈ ವೇಳೆಗೆ ೧೦ ಲಕ್ಷಕ್ಕೂ ಮಿಕ್ಕ ಸಹಿಗಳು ಬಿದ್ದವು. ಫೋರ್ಜಾ ಹೊರೈಜನ್ ೪ರ ಮಾರಾಟವು ಹಕ್ಕುಪತ್ರಗಳ ಅವಧಿ ಮುಗಿದ ಕಾರಣ ೨೦೨೪ರ ಡಿಸೆಂಬರ್ ೧೫ರಂದು ನಿಂತಿತು. ಮುಂದೊಂದು ಕಾಲಕ್ಕೆ ಇಂಥ ಆಟಗಳನ್ನು ಕುರಿತು ಬರೆಯುವವನಿಗೆ ಕೃತಿಯು ದೊರೆಯದೆ, ಕೃತಿಯನ್ನು ಕುರಿತು ಜನರು ಆಡಿದ ಮಾತುಗಳು ಮಾತ್ರ ದೊರೆಯಬಹುದು. ಗ್ರಂಥವು ನಷ್ಟವಾಗಿ ಇತರರು ಅದರ ವಿಷಯ ಹೇಳಿದುದು ಮಾತ್ರ ಉಳಿದಿರುವ ಸ್ಥಿತಿಯು ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆ ಹೊಸದಲ್ಲ. ಅಂದಿಗೆ ಈ ಊಹೆಗಳು ಆಕರಗಳಾಗುತ್ತವೆ. ಆಕರವಾಗತಕ್ಕದ್ದು ದಿನಾಂಕವಿಲ್ಲದೆ, ಹೇಳಿದವರ ಆಧಾರವಿಲ್ಲದೆ ಉಳಿದರೆ, ಇತಿಹಾಸಕಾರನಿಗೆ ಅದು ಹೆಚ್ಚು ಉಪಕಾರ ಮಾಡಲಾರದು.

ಆದಕಾರಣ ಅಧ್ಯಾಪಕ ಮಿತ್ರರ ಮುಂದೆ ಒಂದು ಸಣ್ಣ ಸೂಚನೆಯನ್ನಿಡುತ್ತೇವೆ. ಆಕರವಿಮರ್ಶೆಯನ್ನು ಬೋಧಿಸುವ ತರಗತಿಗಳಲ್ಲಿ, ಈ ಆಟಗಳ ಪರಿಚಯವುಳ್ಳ ವಿದ್ಯಾರ್ಥಿಗಳು ಒಂದು ಪರಿಷ್ಕರಣಕ್ಕೆ ಮುಂಚಿತವಾಗಿ ತಮ್ಮ ಊಹೆಗಳನ್ನು ಬರೆದಿಡಲಿ. ಪ್ರತಿಯೊಂದು ಊಹೆಯ ಎದುರಿಗೆ ಬರೆದ ದಿನಾಂಕ, ಅದರ ಆಧಾರ ಮೇಲೆ ಹೇಳಿದ ನಾಲ್ಕರಲ್ಲಿ ಯಾವುದು, ಯಾವುದು ಕಂಡುಬಂದರೆ ಊಹೆಯನ್ನು ಕೈಬಿಡುವರು ಎಂಬ ಮೂರು ವಿಷಯಗಳಿರಲಿ. ಪರಿಷ್ಕರಣವು ಬಂದ ಮೇಲೆ ಗೆದ್ದುದನ್ನೂ ಸೋತುದನ್ನೂ ಒಂದೇ ಪುಟದಲ್ಲಿ ಬರೆಯಲಿ. ಅನಂತರ ಅದೇ ಮೂರು ಪ್ರಶ್ನೆಗಳನ್ನು ತಮ್ಮ ಊರಿನ ಹೆಸರಿಗೆ, ಊರಿನ ಕೆರೆಯ ಕಥೆಗೆ, ಊರಿಗೆ ಬರಲಿದೆಯೆಂದು ಹೇಳಲಾಗುವ ಕಾರ್ಖಾನೆಗೆ ಹಾಕಿ ನೋಡಲಿ. ಭೂತಕಾಲದ ಊಹೆಗೆ ಕೆಲವೇ ದಿನಗಳಲ್ಲಿ ಉತ್ತರ ದೊರೆಯುವುದಿಲ್ಲ. ಎಷ್ಟೋ ಊಹೆಗಳಿಗೆ ಉತ್ತರವು ಎಂದಿಗೂ ದೊರೆಯಲಾರದು. ಬೇಗನೆ ಉತ್ತರ ದೊರೆಯುವ ಕಡೆ ಅಭ್ಯಾಸ ಮಾಡಿದ ಕಣ್ಣು, ಉತ್ತರ ದೊರೆಯದ ಕಡೆ ಎಚ್ಚರವಾಗಿರುತ್ತದೆಂಬುದು ನಮ್ಮ ನಿರೀಕ್ಷೆ.

ಊಹಿಸುವುದನ್ನು ತರುಣರಿಗೆ ನಾವು ಕಲಿಸಬೇಕಾಗಿಲ್ಲ. ಅದು ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ನೆರಳಿನಿಂದ ಕಾರನ್ನು ಗುರುತಿಸಬಲ್ಲ ದೃಷ್ಟಿಯನ್ನು ಕಾಲಹರಣವೆಂದು ಹಳಿದು ಕಳುಹಿಸಿದರೆ ನಷ್ಟವು ನಮ್ಮ ಶಾಸ್ತ್ರಕ್ಕೇ. ಪ್ರೀತಿಯಿಂದ ಹಿಡಿದ ಊಹೆಯನ್ನು ಆಧಾರ ಸಾಲದೆಂದು ಬಿಟ್ಟುಕೊಡುವ ಧೈರ್ಯವನ್ನು ಕಲಿಸುವುದು ಮಾತ್ರ ಅಧ್ಯಾಪಕನ ಪಾಲಿಗೆ ಉಳಿದ ಕೆಲಸ.